ಬಂದರಿಗೆ ಬಂದ ಯುದ್ಧನೌಕೆಗಳನ್ನು ಇಬ್ಬರು ಒಂದೇ ದಿನದಲ್ಲಿ ನೋಡುವುದು ಹೇಗೆ?

ನೀಲಿಬಾವುಟ:

ನೌಕಾಪಡೆಯ ಹಡಗುಗಳು ನಗರದ ಧಕ್ಕೆಗೆ ಬಂದು ನಿಂತು, ಕೆಲವು ದಿನ ಸಾರ್ವಜನಿಕರನ್ನು ಒಳಗೆ ಬಿಡುತ್ತಾರಲ್ಲ, ಅದರ ಬಗ್ಗೆ ಎಲ್ಲ ವಿವರ ಒಂದೇ ಕಡೆ ಸಿಗಲಿ ಎಂದು ಈ ಚರ್ಚೆ ಶುರು ಮಾಡುತ್ತಿದ್ದೇನೆ. ಹೋಗುವವರು ಗಂಡ ಹೆಂಡತಿ ಇಬ್ಬರೇ. ಕೈಯಲ್ಲಿರುವುದು ಒಂದು ದಿನ. ಇಬ್ಬರಲ್ಲಿ ಒಬ್ಬರಿಗೆ ಮೊಣಕಾಲಿನ ತೊಂದರೆ. ಧಕ್ಕೆಯಲ್ಲಿ ಕ್ಷಿಪಣಿ, ತೋಪುಗಳ ಯುದ್ಧನೌಕೆಯಾದ ಒಂದು ಡಿಸ್ಟ್ರಾಯರ್, ಅದೇ ಬಗೆಯ, ಸಾಮಾನ್ಯವಾಗಿ ಚಿಕ್ಕದಾದ ಒಂದು ಫ್ರಿಗೇಟ್, ಸೈನಿಕರನ್ನೂ ವಾಹನಗಳನ್ನೂ ದಡಕ್ಕಿಳಿಸುವ ದೊಡ್ಡ ಆಂಫಿಬಿಯಸ್ ಹಡಗು, ಒಂದು ತರಬೇತಿ ಹಾಯಿಹಡಗು ಇವೆ ಎಂದಿಟ್ಟುಕೊಳ್ಳಿ. ಯಾವುದು ಮೊದಲು, ಯಾವುದು ಆಮೇಲೆ? ಏನು ಒಯ್ಯಬಾರದು? ಹತ್ತಿದ ಮೇಲೆ ಯಾವುದರ ಮುಂದೆ ನಿಂತು ನೋಡಬೇಕು? ಗೊತ್ತಿರುವವರು ಬಿಡಿಸಿ ಬರೆಯಿರಿ.

ಧಕ್ಕೆಯಂಚು:

ಒಂದು ದಿನಕ್ಕೆ ಎರಡು ಹಡಗು ಸಾಕು. ನಾಲ್ಕೂ ನೋಡುತ್ತೇವೆ ಎಂದು ಹೊರಟರೆ ದಿನದ ಬಹುಪಾಲು ಸರದಿಯಲ್ಲೇ ಕಳೆದುಹೋಗುತ್ತದೆ.

ಸರದಿ ಹೇಗೆ ಸಾಗುತ್ತದೆ ಎನ್ನುವುದು ಗೊತ್ತಿದ್ದರೆ ಯಾವುದು ಮೊದಲು ಎಂಬುದಕ್ಕೆ ಉತ್ತರ ತಾನೇ ಸಿಗುತ್ತದೆ. ಡಿಸ್ಟ್ರಾಯರ್, ಫ್ರಿಗೇಟ್‌ಗಳಲ್ಲಿ ಓಣಿಗಳು ಇಕ್ಕಟ್ಟು, ಏಣಿಯಲ್ಲಿ ಒಂದು ಸಲಕ್ಕೆ ಒಬ್ಬರೇ. ಹಾಗಾಗಿ ಸಣ್ಣ ಸಣ್ಣ ಗುಂಪು ಮಾಡಿ, ಒಬ್ಬ ನಾವಿಕನ ಜೊತೆ ಕಳಿಸುತ್ತಾರೆ. ಮುಂದಿನ ಗುಂಪು ಒಂದು ಏಣಿಯ ಬಳಿ ನಿಂತರೆ ಹಿಂದಿನವರೆಲ್ಲ ನಿಲ್ಲಬೇಕು. ಆಂಫಿಬಿಯಸ್ ಹಡಗಿನ ವಾಹನದ ಅಟ್ಟ ಮತ್ತು ಹಾರಾಟದ ಡೆಕ್ ವಿಶಾಲವಾದ ಬಯಲು. ಎಷ್ಟು ಜನ ಬಂದರೂ ಒಳಗೆಳೆದುಕೊಳ್ಳುತ್ತದೆ. ಅದರ ಸರದಿ ನೋಡಲು ಉದ್ದ, ಆದರೆ ಬೇಗ ಕರಗುತ್ತದೆ. ಆದ್ದರಿಂದ ಬಾಗಿಲು ತೆರೆಯುವ ಮೊದಲೇ ಹೋಗಿ ಇಕ್ಕಟ್ಟಿನ ಹಡಗಿಗೆ ನಿಲ್ಲಿ. ದೊಡ್ಡದನ್ನು ಎರಡನೆಯದಾಗಿ ಇಟ್ಟುಕೊಳ್ಳಿ.

ಜನ ಸಾಮಾನ್ಯವಾಗಿ ಎಡವುವುದು ಸಂಜೆಯ ಗಡಿಯಲ್ಲಿ. ಪ್ರಕಟಣೆಯಲ್ಲಿರುವ ಮುಕ್ತಾಯದ ಸಮಯ ಹಡಗಿನಿಂದ ಕೊನೆಯ ಸಂದರ್ಶಕ ಇಳಿಯುವ ಸಮಯ. ಸರದಿಯ ಬಾಲವನ್ನು ಅದಕ್ಕಿಂತ ಬಹಳ ಮೊದಲೇ ಕಡಿಯುತ್ತಾರೆ, ಜನ ಹೆಚ್ಚಿದ್ದಷ್ಟೂ ಬೇಗ. ಭದ್ರತಾ ತಪಾಸಣೆಯ ಸರದಿ ಬೇರೆ, ಹಡಗಿನ ಸರದಿ ಬೇರೆ ಎಂಬುದನ್ನೂ ಮರೆಯಬೇಡಿ. ಕೆಲವು ಬಂದರುಗಳಲ್ಲಿ ಒಂದೇ ತಪಾಸಣೆ ದಾಟಿದರೆ ಇಡೀ ಧಕ್ಕೆ ತೆರೆದಿರುತ್ತದೆ. ಇನ್ನು ಕೆಲವು ಕಡೆ ಪ್ರತಿ ಹಡಗಿನ ಮುಂದೂ ಮತ್ತೊಮ್ಮೆ ಚೀಲ ಬಿಚ್ಚಬೇಕು. ಹೋದ ತಕ್ಷಣ ಕಾವಲಿನವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಉಪ್ಪುಗಾಳಿ:

ಧಕ್ಕೆಯಂಚು ಅವರು ಹೇಳಿದ ಲೆಕ್ಕ ಸರಿ, ಆದರೆ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹಾರಾಟದ ಡೆಕ್ ಮೇಲೆ ನೆರಳು ಎಂಬುದೇ ಇರುವುದಿಲ್ಲ. ಕೆಳಗೆ ಉಕ್ಕು, ಮೇಲೆ ಜಾರದಂತೆ ಹಚ್ಚಿದ ಒರಟು ಗಾಢಬೂದು ಲೇಪ. ಮಧ್ಯಾಹ್ನದ ಹೊತ್ತಿಗೆ ಅದು ಕಾದು, ತೆಳು ಅಟ್ಟೆಯ ಚಪ್ಪಲಿಯೊಳಗಿಂದಲೂ ಬಿಸಿ ತಟ್ಟುತ್ತದೆ. ಬೇಸಿಗೆಯಾದರೆ ದೊಡ್ಡ ಹಡಗನ್ನೇ ಬೆಳಿಗ್ಗೆ ಮುಗಿಸಿ ಎನ್ನುತ್ತೇನೆ. ಡಿಸ್ಟ್ರಾಯರಿನ ಸರದಿ ಮಧ್ಯಾಹ್ನಕ್ಕೆ ಉದ್ದವಾಗುತ್ತದೆ, ನಿಜ. ಕೊಡೆ ಬಿಡಿಸಲು ಬಿಟ್ಟರೆ ನಿಲ್ಲಬಹುದು.

ಉಬ್ಬರ ಇಳಿತದ ವೇಳಾಪಟ್ಟಿಯನ್ನೂ ನೋಡಿಕೊಳ್ಳಿ. ಮೊಣಕಾಲು ನೋವಿರುವವರಿಗೆ ಇದು ಮುಖ್ಯ. ಧಕ್ಕೆ ಇದ್ದಲ್ಲೇ ಇರುತ್ತದೆ, ಹಡಗು ನೀರಿನ ಜೊತೆ ಏರಿಳಿಯುತ್ತದೆ. ತುಂಬು ಉಬ್ಬರದಲ್ಲಿ ಹಡಗಿನ ಡೆಕ್ ಧಕ್ಕೆಗಿಂತ ಬಹಳ ಮೇಲಿದ್ದು, ಧಕ್ಕೆಯಿಂದ ಹಡಗಿಗೆ ಹಾಕಿದ ಹಲಗೆಸೇತುವೆ, ಅಂದರೆ ಗ್ಯಾಂಗ್‌ವೇ ಕಡಿದಾಗಿರುತ್ತದೆ. ನೀರು ಇಳಿದಾಗ ಅದೇ ಗ್ಯಾಂಗ್‌ವೇ ಮಟ್ಟಸವಾಗಬಹುದು. ತಗ್ಗು ಡೆಕ್ಕಿನ ಸಣ್ಣ ಹಡಗಾದರೆ ಇದು ತಿರುಗುಮುರುಗು: ಇಳಿತದಲ್ಲಿ ಧಕ್ಕೆಯಿಂದ ಕೆಳಕ್ಕೆ ಇಳಿದು ಹೋಗಬೇಕಾಗುತ್ತದೆ. ಎರಡು ಮೀಟರಿಗಿಂತ ಹೆಚ್ಚು ಏರಿಳಿತ ಇರುವ ಬಂದರುಗಳಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಇಳಿಜಾರಿನಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇರುತ್ತದೆ. ತೇಲುವ ಪಾಂಟೂನಿಗೆ ಕಟ್ಟಿದ ಹಡಗಾದರೆ ಈ ಚಿಂತೆ ಇಲ್ಲ, ಎರಡೂ ಒಟ್ಟಿಗೆ ಏರಿಳಿಯುತ್ತವೆ.

ಜೋರು ಗಾಳಿ ಅಥವಾ ಅಲೆ ಬಂದರೆ ಗ್ಯಾಂಗ್‌ವೇ ಮುಚ್ಚುತ್ತಾರೆ. ಮುನ್ಸೂಚನೆಯೂ ಇರುವುದಿಲ್ಲ. ಹೆಚ್ಚು ಆಸೆಯಿರುವ ಹಡಗನ್ನು ದಿನದ ಕೊನೆಗೆ ಇಟ್ಟುಕೊಳ್ಳಬೇಡಿ ಎನ್ನಲು ಇದೂ ಒಂದು ಕಾರಣ.

ಸರಪಳಿ:

ಉಡುಪು, ಚೀಲ, ಏಣಿ. ಈ ಮೂರರ ಬಗ್ಗೆ ನಾನು ಬರೆಯುತ್ತೇನೆ.

ಪಾದ ಪೂರ್ತಿ ಮುಚ್ಚುವ, ಹಿಮ್ಮಡಿ ಎತ್ತರವಿಲ್ಲದ, ರಬ್ಬರ್ ಅಟ್ಟೆಯ ಶೂ. ಇದರಲ್ಲಿ ರಾಜಿ ಬೇಡ. ಎತ್ತರದ ಹಿಮ್ಮಡಿಯವರನ್ನೂ ಬೆರಳು ಕಾಣುವ ಚಪ್ಪಲಿಯವರನ್ನೂ ಗ್ಯಾಂಗ್‌ವೇ ಬುಡದಿಂದಲೇ ವಾಪಸು ಕಳಿಸುವ ಹಡಗುಗಳಿವೆ. ಕಾರಣ ಸರಳ: ಡೆಕ್ ಮೇಲೆ ಸರಪಳಿ, ಕೊಕ್ಕೆ, ವಿಮಾನ ಕಟ್ಟುವ ಗುಳಿಗಳು ಎಲ್ಲೆಂದರಲ್ಲಿ ಇರುತ್ತವೆ. ಏಣಿಯ ಮೆಟ್ಟಿಲು ಸರಳುಜಾಲರಿಯದಾದರೆ ಸಣ್ಣ ಹಿಮ್ಮಡಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಸೀರೆ, ಲುಂಗಿ, ಉದ್ದ ಸ್ಕರ್ಟ್ ಬೇಡ. ಚೂಡಿದಾರದ ದುಪಟ್ಟಾ ಇದ್ದರೆ ಬಿಗಿಯಾಗಿ ಕಟ್ಟಿಕೊಳ್ಳಿ. ಟೋಪಿ ಗಾಳಿಗೆ ಹಾರುತ್ತದೆ, ಗದ್ದಕ್ಕೆ ದಾರವಿರುವುದನ್ನು ಹಾಕಿ.

ಚೀಲ ಚಿಕ್ಕದಿರಲಿ. ಬೆನ್ನುಚೀಲಕ್ಕೆ ಅನೇಕ ಕಡೆ ಪ್ರವೇಶವಿಲ್ಲ. ಬಿಟ್ಟರೂ ಓಣಿಯಲ್ಲಿ ಅದು ಕವಾಟದ ಗಾಲಿಗಳಿಗೆ, ಬೆಂಕಿನಳಿಕೆಗೆ ತಗುಲುತ್ತದೆ. ಜೇಬುಚಾಕು, ಕತ್ತರಿ, ಹಲವು ಉಪಕರಣ ಒಂದರಲ್ಲೇ ಇರುವ ಮಡಿಚುಚಾಕು, ಲೈಟರ್, ಲೇಸರ್ ಪಾಯಿಂಟರ್ ಯಾವುದೂ ಬೇಡ. ಕೀಗೊಂಚಲಿನಲ್ಲಿ ಮರೆತುಹೋದ ಪುಟ್ಟ ಚಾಕುವೇ ಹೆಚ್ಚಿನವರನ್ನು ತಡೆಯುವುದು. ಅದನ್ನು ಕಾವಲಿನವರು ಇಟ್ಟುಕೊಂಡು ಹಿಂತಿರುಗಿಸುತ್ತಾರೆ ಎಂದು ನಂಬಬೇಡಿ. ಇಬ್ಬರ ಬಳಿಯೂ ಭಾವಚಿತ್ರವಿರುವ ಮೂಲ ಗುರುತಿನ ಚೀಟಿ ಇರಲಿ. ಮೊಬೈಲಿನಲ್ಲಿರುವ ಪ್ರತಿ ನಡೆಯದಿರಬಹುದು. ಶೌಚಾಲಯ ಧಕ್ಕೆಯಲ್ಲೇ ಮುಗಿಸಿಕೊಳ್ಳಿ, ಹಡಗಿನಲ್ಲಿ ಸಂದರ್ಶಕರಿಗೆ ಅದು ತೆರೆದಿರುವುದಿಲ್ಲ.

ಇನ್ನು ಏಣಿ. ಮನೆಯ ಮೆಟ್ಟಿಲಿನ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು, ಇಳಿಜಾರು ಅಷ್ಟು ಕಡಿದು. ಹತ್ತುವಾಗ ಎರಡೂ ಕೈ ಹಿಡಿಗಂಬಿಯ ಮೇಲೆ. ಇಳಿಯುವಾಗ ಏಣಿಗೆ ಮುಖ ಮಾಡಿ, ಅಂದರೆ ಹಿಂದುಹಿಂದಾಗಿ ಇಳಿಯಿರಿ. ಎರಡು ಕೈ ಎರಡು ಕಾಲು, ಈ ನಾಲ್ಕರಲ್ಲಿ ಮೂರು ಸದಾ ಊರಿರಬೇಕು. ನಾವಿಕರು ಮುಂದಕ್ಕೆ ಮುಖ ಮಾಡಿ ಸರಸರ ಇಳಿಯುವುದನ್ನು ನೋಡಿ ಅನುಕರಿಸಬೇಡಿ. ಮುಂದಿನವರು ಏಣಿ ಬಿಟ್ಟು ಸರಿದ ಮೇಲೆಯೇ ನೀವು ಕಾಲಿಡಿ. ಮೊಬೈಲು ಕ್ಯಾಮೆರಾ ಕೈಯಲ್ಲಿ ಬೇಡ.

ಬಾಗಿಲುಗಳ ಹೊಸ್ತಿಲು ಎತ್ತರ, ಮೊಣಕಾಲಿನ ಕೆಳಗೆ ಸರಿಯಾಗಿ ತಾಗುವಷ್ಟು. ನೀರು ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿಯದಿರಲಿ ಎಂದು ಹಾಗಿರುವುದು. ಕಾಲೆತ್ತುವಾಗ ತಲೆಯನ್ನೂ ತಗ್ಗಿಸಿ. ಬಾಗಿಲ ಮೇಲಂಚು ಅಷ್ಟೇ ತಗ್ಗಾಗಿರುತ್ತದೆ. ಕೆಳಗೆ ನೋಡುತ್ತಾ ದಾಟುವವರ ಹಣೆಗೇ ಪೆಟ್ಟು ಬೀಳುವುದು.

ಕಡಲಕ್ಕಿ:

ಮೊಣಕಾಲಿನ ಪ್ರಶ್ನೆಗೆ ನೇರ ಉತ್ತರ: ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಹಾಗಾಗಿ ಗ್ಯಾಂಗ್‌ವೇ ಹತ್ತುವ ಮೊದಲೇ "ದಾರಿಯಲ್ಲಿ ಎಷ್ಟು ಏಣಿ ಇದೆ, ನಡುವೆ ಬಿಟ್ಟು ಹೊರಬರಬಹುದೇ" ಎಂದು ಕೇಳಿ. ಸಂದರ್ಶಕರ ದಾರಿ ಒಮ್ಮುಖ, ಅರ್ಧಕ್ಕೆ ಬಂದು ಹಿಂತಿರುಗಲು ಸುಲಭವಾಗಿ ಆಗುವುದಿಲ್ಲ. ಮುಖ್ಯ ಡೆಕ್ಕಿನ ಮಟ್ಟದಲ್ಲೇ ಸುತ್ತಿ ಹೊರಬರುತ್ತೇವೆ ಎಂದರೆ ಹೆಚ್ಚಿನ ಕಡೆ ಒಪ್ಪುತ್ತಾರೆ.

ಇಂಥವರಿಗೆ ಆಂಫಿಬಿಯಸ್ ಹಡಗೇ ಒಳ್ಳೆಯದು. ಒಳಗಡೆ ಒಂದು ಅಟ್ಟದಿಂದ ಇನ್ನೊಂದಕ್ಕೆ ವಾಹನಗಳು ಓಡಾಡುವ ಇಳಿಜಾರು ಹಾದಿ ಇರುತ್ತದೆ. ಇಳಿಜಾರು ಕಡಿದೇ, ಆದರೆ ಮೆಟ್ಟಿಲಿಲ್ಲ. ವಿಮಾನ ಏರಿಸುವ ದೊಡ್ಡ ಲಿಫ್ಟ್ ಇರುವ ಹಡಗುಗಳಲ್ಲಿ ಜನರನ್ನು ಅದರ ಮೇಲೆಯೇ ನಿಲ್ಲಿಸಿ ಹಾರಾಟದ ಡೆಕ್ಕಿಗೆ ಏರಿಸುವುದೂ ಉಂಟು. ಇಬ್ಬರಲ್ಲಿ ಒಬ್ಬರು ಡಿಸ್ಟ್ರಾಯರಿನ ಒಳಸುತ್ತಿಗೆ ಹೋದಾಗ ಇನ್ನೊಬ್ಬರು ಧಕ್ಕೆಯಲ್ಲಿ ಕೂತು ನೋಡಬೇಕಾದ್ದೂ ಬಹಳ ಇದೆ. ಅದನ್ನು ದುರ್ಬೀನು ಅವರು ಬರೆದರೆ ಚೆನ್ನಾಗಿರುತ್ತದೆ.

ದುರ್ಬೀನು:

ಬರೆಯುತ್ತೇನೆ. ನನ್ನ ಪ್ರಕಾರ ಹಡಗಿನ ಅರ್ಧ ಪಾಠ ಧಕ್ಕೆಯಲ್ಲೇ ಇದೆ, ಹೆಚ್ಚಿನವರು ಅದನ್ನು ಬಿಟ್ಟು ಸರದಿಗೆ ಓಡುತ್ತಾರೆ.

ಮೊದಲು ಹಗ್ಗಗಳು. ಮುಂತುದಿಯಿಂದ ಹಿಂದಕ್ಕೆ ಒಂದು, ಎರಡು ಎಂದು ಇವಕ್ಕೆ ಸಂಖ್ಯೆ ಇರುತ್ತದೆ. ಧಕ್ಕೆಗೆ ನೇರ ಅಡ್ಡಲಾಗಿ ಬರುವ ಹಗ್ಗ ಹಡಗು ಧಕ್ಕೆಯಿಂದ ದೂರ ಸರಿಯದಂತೆ ತಡೆಯುತ್ತದೆ. ಓರೆಯಾಗಿ ಹಿಂದಕ್ಕೆ, ಮುಂದಕ್ಕೆ ಎಳೆದ ಸ್ಪ್ರಿಂಗ್ ಹಗ್ಗಗಳು ಹಡಗು ಉದ್ದುದ್ದಕ್ಕೆ ಜರುಗದಂತೆ ಹಿಡಿಯುತ್ತವೆ. ಹಗ್ಗದ ನಡುವೆ ಸಿಕ್ಕಿಸಿದ ದುಂಡನೆಯ ತಗಡು ಇಲಿ ಹತ್ತದಿರಲಿ ಎಂದು ಹಾಕಿದ್ದು. ಹಗ್ಗ ದಾಟಬೇಡಿ, ಹಗ್ಗ ಕಟ್ಟುವ ಗಿಡ್ಡ ಕಂಬದ (ಬೊಲ್ಲಾರ್ಡ್) ಮೇಲೆ ಕೂತು ಫೋಟೊ ತೆಗೆಸಿಕೊಳ್ಳಬೇಡಿ. ನೈಲಾನ್ ಹಗ್ಗ ಎಳೆತಕ್ಕೆ ಹಿಗ್ಗಿ ಬಲ ಕೂಡಿಟ್ಟುಕೊಳ್ಳುತ್ತದೆ. ತುಂಡಾದರೆ ಹಿಂದಕ್ಕೆ ಚಿಮ್ಮಿ ಅಕ್ಕಪಕ್ಕಕ್ಕೂ ಬೀಸುತ್ತದೆ, ಆ ದಾರಿಯಲ್ಲಿದ್ದವರು ಉಳಿಯುವುದು ಕಷ್ಟ. ದೊಡ್ಡ ದೋಣಿ ಪಕ್ಕದಲ್ಲಿ ಹಾದು ಅಲೆ ಎಬ್ಬಿಸಿದಾಗಲೂ ಹಗ್ಗ ಬಿಗಿಯುತ್ತದೆ.

ಮುಂತುದಿಯ ಬಳಿ ನೀರಿನ ಮಟ್ಟದಲ್ಲಿ ಅಂಕಿಗಳಿವೆ, ಹಡಗು ಎಷ್ಟು ಆಳಕ್ಕೆ ಮುಳುಗಿದೆ ಎಂದು ಹೇಳುವುದಕ್ಕೆ. ಮೆಟ್ರಿಕ್ ಗುರುತಾದರೆ ಅಂಕಿಯ ಎತ್ತರ 10 ಸೆಂ.ಮೀ., ಒಂದು ಅಂಕಿಯ ಬುಡದಿಂದ ಮುಂದಿನದರ ಬುಡಕ್ಕೆ 20 ಸೆಂ.ಮೀ. ನೀರು ಅಂಕಿಯ ಬುಡಕ್ಕೆ ಸರಿಯಾಗಿ ತಾಗಿದ್ದರೆ ಆಳ ಅಷ್ಟೇ. ಅಮೆರಿಕದ ಹಡಗುಗಳಲ್ಲಿ ಅಡಿ ಲೆಕ್ಕ: ಅಂಕಿ 6 ಇಂಚು, ಅಂತರ ಒಂದು ಅಡಿ.

ಲಂಗರು ಎಲ್ಲಿದೆ ನೋಡಿ. ಅಮೆರಿಕದ ಆರ್ಲೀ ಬರ್ಕ್ ವರ್ಗದ ಡಿಸ್ಟ್ರಾಯರಿನಲ್ಲಿ ಒಂದು ಲಂಗರು ಮೂತಿಯ ತುದಿಯಲ್ಲೇ ಇದೆ. ನೀರಿನೊಳಗೆ ಮೂತಿಯ ಬುಡದಲ್ಲಿ, ಶಬ್ದದಿಂದ ಜಲಾಂತರ್ಗಾಮಿ ಪತ್ತೆಮಾಡುವ ಸೋನಾರಿನ ದೊಡ್ಡ ಗುಮ್ಮಟ ಉಬ್ಬಿಕೊಂಡಿರುತ್ತದೆ. ಬೀಳುವ ಲಂಗರು ಅದಕ್ಕೆ ಬಡಿಯಬಾರದು. ಮೇಲಿನ ಲಂಗರಿನ ಜಾಗ ನೋಡಿಯೇ ಕೆಳಗೆ ಕಾಣದ ಸೋನಾರನ್ನು ಊಹಿಸಬಹುದು.

ಬಾವುಟ: ಹಿಂತುದಿಯಲ್ಲಿ ದೇಶದ ಅಥವಾ ಅದರ ನೌಕಾಪಡೆಯ ಧ್ವಜ, ಮುಂತುದಿಯಲ್ಲಿ ಜ್ಯಾಕ್ ಎಂಬ ಇನ್ನೊಂದು ಬಾವುಟ. ಹಗ್ಗದ ಮೇಲೆ ಉದ್ದಕ್ಕೂ ಬಣ್ಣಬಣ್ಣದ ಬಾವುಟ ಕಟ್ಟಿದ್ದರೆ ಅದು ಅಲಂಕಾರ, ಅದರಲ್ಲಿ ಸಂದೇಶ ಹುಡುಕಬೇಡಿ. ಒಂಟಿ ಬಾವುಟಕ್ಕೆ ಮಾತ್ರ ಅರ್ಥ ಇದೆ. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಒಂದೊಂದು ಬಾವುಟ; ಬಿ ಅಕ್ಷರದ, ಇಡೀ ಕೆಂಪು ಬ್ರಾವೊ ಹಾರುತ್ತಿದ್ದರೆ ಇಂಧನ ಅಥವಾ ಮದ್ದುಗುಂಡು ತುಂಬುತ್ತಿದ್ದಾರೆ, ಆ ಹೊತ್ತಿಗೆ ಸಂದರ್ಶನ ನಿಂತಿರುತ್ತದೆ. ಬಿಳಿ ನೀಲಿಯ, ಬಾಲ ಸೀಳಿದ ಆಲ್ಫಾ (ಎ ಅಕ್ಷರದ್ದು) ಇದ್ದರೆ ಕೆಳಗೆ ಮುಳುಗುಗಾರ ಇದ್ದಾನೆ.

ಹೊಸಬಂದರು:

ಕೇಳುತ್ತಿರುವುದು ಸಣ್ಣ ವಿಷಯ: ಒಳಗೆ ಹೋದಾಗ ಇಬ್ಬರೂ ಬೇರೆ ಬೇರೆ ಗುಂಪಿಗೆ ಬಿದ್ದರೆ ಫೋನ್ ಮಾಡಿಕೊಂಡು ಸೇರಬಹುದಲ್ಲ?

ಸರಪಳಿ:

ಆಗುವುದಿಲ್ಲ. ಸುತ್ತ ಉಕ್ಕಿನ ಗೋಡೆ, ಸಿಗ್ನಲ್ ಒಳಗೆ ಬರುವುದಿಲ್ಲ. ಹತ್ತುವ ಮೊದಲೇ ಧಕ್ಕೆಯ ಮೇಲೆ ಒಂದು ಜಾಗ ಗೊತ್ತುಮಾಡಿಕೊಳ್ಳಿ. ಹತ್ತುವ ಮತ್ತು ಇಳಿಯುವ ಗ್ಯಾಂಗ್‌ವೇ ಬೇರೆ ಬೇರೆ ಇರಬಹುದು, ಆದ್ದರಿಂದ "ಗ್ಯಾಂಗ್‌ವೇ ಹತ್ತಿರ" ಎಂದರೆ ಸಾಲದು. ಇಳಿಯುವ ಕಡೆಯ ದೀಪದ ಕಂಬ, ಕ್ರೇನಿನ ಬುಡ, ಹೀಗೆ ಕದಲದ ಗುರುತು ಇರಲಿ.

ಹಡಗಿನೊಳಗೆ ಎಲ್ಲಿದ್ದೀರಿ ಎಂದು ತಿಳಿಯಲು ಗೋಡೆ ಓದುವುದು ಕಲಿಯಿರಿ. ಅಮೆರಿಕದ ಹಡಗುಗಳಲ್ಲಿ ಹಳದಿ ಚೌಕದೊಳಗೆ ಕಪ್ಪು ಅಕ್ಷರದಲ್ಲಿ 2-110-1-ಎಲ್ ಎಂಬಂತೆ ಬರೆದಿರುತ್ತದೆ. ಮೊದಲ ಅಂಕಿ ಅಟ್ಟ: 1 ಎಂದರೆ ಮುಖ್ಯ ಡೆಕ್, 2 ಅದರ ಕೆಳಗೆ. ಮುಖ್ಯ ಡೆಕ್ಕಿಗಿಂತ ಮೇಲಿನವು 01, 02, 03 ಎಂದು ಸೊನ್ನೆಯಿಂದ ಶುರುವಾಗುತ್ತವೆ. ಎರಡನೆಯದು ಚೌಕಟ್ಟಿನ, ಅಂದರೆ ಹಡಗಿನ ಮೈಯ ಪಕ್ಕೆಲುಬಿನ ಸಂಖ್ಯೆ. ಅದು ಮುಂತುದಿಯಿಂದ ಹಿಂದಕ್ಕೆ ಹೆಚ್ಚುತ್ತಾ ಹೋಗುತ್ತದೆ. ಮೂರನೆಯದು ಯಾವ ಮಗ್ಗುಲು: ಬೆಸ ಸಂಖ್ಯೆ ಬಲ, ಸಮ ಸಂಖ್ಯೆ ಎಡ, ಸೊನ್ನೆ ನಟ್ಟನಡು. ಇಲ್ಲಿ ಬಲ ಎಂದರೆ ಮುಂತುದಿಗೆ ಮುಖ ಮಾಡಿ ನಿಂತಾಗಿನ ಬಲ. ಕೊನೆಯ ಅಕ್ಷರ ಕೋಣೆಯ ಬಳಕೆ: ಎಲ್ ವಾಸದ್ದು, ಎಂ ಮದ್ದುಗುಂಡಿನದ್ದು, ಇ ಯಂತ್ರದ್ದು, ಎ ಉಗ್ರಾಣ, ಸಿ ನಿಯಂತ್ರಣ ಕೊಠಡಿ. ನಡೆಯುತ್ತಾ ಎರಡನೆಯ ಅಂಕಿ ಹೆಚ್ಚುತ್ತಿದ್ದರೆ ನೀವು ಹಿಂಬದಿಗೆ ಹೋಗುತ್ತಿದ್ದೀರಿ. ಹೆಲಿಕಾಪ್ಟರ್ ಡೆಕ್ ಅತ್ತಲೇ.

ಬಾಗಿಲು, ಕವಾಟಗಳ ಮೇಲೆ ಎಕ್ಸ್, ವೈ, ಝಡ್ ಅಕ್ಷರಗಳೂ ಕಾಣುತ್ತವೆ. ಯಾವ ಸ್ಥಿತಿಯಲ್ಲಿ ಯಾವ ಬಾಗಿಲು ಮುಚ್ಚಿರಬೇಕು ಎಂಬ ಸೂಚನೆ ಅದು. ಝಡ್ ಸ್ಥಿತಿ ಎಂದರೆ ಯುದ್ಧ ಅಥವಾ ದೊಡ್ಡ ಅಪಾಯ, ಆಗ ಮೂರೂ ಮುಚ್ಚಬೇಕು. ಯಾವ ಹಿಡಿಕೆಯನ್ನೂ ತಿರುಗಿಸಿ ನೋಡಬೇಡಿ.

ನೀಲಿಬಾವುಟ:

ತುಂಬ ಉಪಯೋಗವಾಯಿತು. ಡೆಕ್ ಮೇಲೆ ಹತ್ತಿದ ಮೇಲೆ ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು? ಗುಂಪು ಮುಂದೆ ಸಾಗುತ್ತಿರುತ್ತದೆ, ಎಲ್ಲದಕ್ಕೂ ಸಮಯ ಸಿಗುವುದಿಲ್ಲ.

ಧಕ್ಕೆಯಂಚು:

ಮುಂಭಾಗದ ಡೆಕ್ಕಿನಲ್ಲಿ ಎರಡು ಕಡೆ ನಿಲ್ಲಿ: ಲಂಗರಿನ ಸರಪಳಿ ಮತ್ತು ಕ್ಷಿಪಣಿಯ ಮುಚ್ಚಳಗಳು. ಎಲ್ಲರೂ ತೋಪಿನ ಮುಂದೆ ಗುಂಪುಗೂಡುತ್ತಾರೆ. ಅದು ದೂರದಿಂದಲೂ ಕಾಣುತ್ತದೆ, ಬಿಡಿ.

ಅಮೆರಿಕದ ಹಡಗಿನ ಸರಪಳಿಗೆ ಬಣ್ಣದ ಲೆಕ್ಕ ಇದೆ. ಪ್ರತಿ 15 ಫ್ಯಾದಮ್‌ಗೆ, ಅಂದರೆ 90 ಅಡಿಗೆ, ಬಿಚ್ಚಬಹುದಾದ ಒಂದು ಕೊಂಡಿ. 15ರಲ್ಲಿ ಅದು ಕೆಂಪು, 30ರಲ್ಲಿ ಬಿಳಿ, 45ರಲ್ಲಿ ನೀಲಿ, ಮತ್ತೆ ಇದೇ ಸರದಿ. ಅದರ ಎರಡೂ ಪಕ್ಕ ಬಿಳಿ ಬಳಿದ ಕೊಂಡಿಗಳು 15ಕ್ಕೆ ಒಂದೊಂದು, 30ಕ್ಕೆ ಎರಡೆರಡು, 45ಕ್ಕೆ ಮೂರು ಮೂರು. ಕೊನೆಯದರ ಹಿಂದಿನ ತುಂಡು ಪೂರ್ತಿ ಹಳದಿ, ಕೊನೆಯ ತುಂಡು ಪೂರ್ತಿ ಕೆಂಪು. ಲಂಗರು ಬಿಡುವಾಗ ಹಳದಿ ಕಂಡರೆ ಸರಪಳಿ ಮುಗಿಯುತ್ತಾ ಬಂತು ಎಂದರ್ಥ. ಧಕ್ಕೆಯಲ್ಲಿರುವಾಗ ಮೊದಲ ಒಂದೆರಡು ಗುರುತು ಕಂಡರೆ ಹೆಚ್ಚು.

ಮುಚ್ಚಳಗಳು: ಕ್ಷಿಪಣಿಯನ್ನು ನೇರ ಮೇಲಕ್ಕೆ ಹಾರಿಸುವ ಅಮೆರಿಕದ ಎಂಕೆ 41 ಲಂಬ ಉಡಾವಣಾ ವ್ಯವಸ್ಥೆಯ ಒಂದು ಘಟಕದಲ್ಲಿ ಎಂಟು ಗೂಡು, ನಾಲ್ಕು ನಾಲ್ಕರ ಎರಡು ಸಾಲು. ಸಾಲುಗಳ ನಡುವಿನ ಕಿರಿದಾದ ಮುಚ್ಚಳ ಕ್ಷಿಪಣಿಯಲ್ಲ, ಉಡಾವಣೆಯ ಬೆಂಕಿ ಹೊಗೆ ಮೇಲಕ್ಕೆ ಹೋಗುವ ದಾರಿ. ಆರ್ಲೀ ಬರ್ಕ್‌ನ ನಂತರದ ಮಾದರಿಗಳಲ್ಲಿ ಮುಂದೆ ಹಿಂದೆ ಸೇರಿ 96 ಗೂಡು, ಮೊದಮೊದಲ ಹಡಗುಗಳಲ್ಲಿ 90. ಭಾರತದ ಕೋಲ್ಕತಾ ವರ್ಗದ ಡಿಸ್ಟ್ರಾಯರ್ 163 ಮೀಟರ್ ಉದ್ದ. ಅದರಲ್ಲಿ 16 ಬ್ರಹ್ಮೋಸ್, ಆಕಾಶದಿಂದ ಬರುವ ದಾಳಿ ತಡೆಯುವ 32 ಬರಾಕ್-8 ಕ್ಷಿಪಣಿಗಳು. ಸಂಖ್ಯೆ ಕಡಿಮೆ ಕಂಡಿತೆಂದು ನೇರ ಹೋಲಿಸಬೇಡಿ. ಬ್ರಹ್ಮೋಸ್ ದೊಡ್ಡ ಕ್ಷಿಪಣಿ, ಒಂದಕ್ಕೆ ಹಿಡಿಯುವ ಜಾಗವೇ ಬೇರೆ.

ಕಡಲಕ್ಕಿ:

ಹತ್ತಿರದ ರಕ್ಷಣೆಯ, ಅಂದರೆ ನುಗ್ಗಿಬರುವ ಕ್ಷಿಪಣಿಯನ್ನು ಕೊನೆಗಳಿಗೆಯಲ್ಲಿ ಹೊಡೆಯುವ ತೋಪು ಬಿಟ್ಟಿರಲ್ಲ. ಬಿಳಿ ಗುಮ್ಮಟದ, ಅಮೆರಿಕದ ಫ್ಯಾಲಾಂಕ್ಸ್ 20 ಮಿ.ಮೀ.ಯದು, ಆರು ನಳಿಗೆ, ಈಗಿನ ಮಾದರಿ ನಿಮಿಷಕ್ಕೆ 4,500 ಗುಂಡಿನ ವೇಗದಲ್ಲಿ ಹಾರಿಸುತ್ತದೆ. ಗುರಿ ಹುಡುಕುವ ರೇಡಾರ್ ಆ ಗುಮ್ಮಟದೊಳಗೇ ಇದೆ. ಭಾರತದ ಹಡಗುಗಳಲ್ಲಿ ಕಾಣುವ ಎಕೆ-630 ಕೂಡ ಆರು ನಳಿಗೆಯದೇ, ಆದರೆ 30 ಮಿ.ಮೀ. ಅದರ ರೇಡಾರ್ ತೋಪಿನ ಮೇಲಿಲ್ಲ, ಹಡಗಿನ ಬೇರೆ ಕಡೆ ಇರುತ್ತದೆ. ಎರಡು ದೇಶದ ಹಡಗು ಒಂದೇ ದಿನ ನೋಡುವವರು ಈ ಎರಡನ್ನೂ ಹೋಲಿಸಿ ನೋಡಲೇಬೇಕು.

ರೇಡಾರ್ ಹೋಲಿಕೆಯೂ ಹಾಗೇ. ಆರ್ಲೀ ಬರ್ಕ್‌ನ ಮೇಲ್ಕಟ್ಟಡದ ನಾಲ್ಕು ಮೂಲೆಗೆ ಎಂಟು ಬದಿಯ ಚಪ್ಪಟೆ ರೇಡಾರ್ ಫಲಕಗಳು, ಮೂಲೆಗೊಂದು. ಒಂದೊಂದೂ ಸುತ್ತಿನ ಕಾಲುಭಾಗವನ್ನು ನೋಡುತ್ತದೆ, ಆದ್ದರಿಂದ ತಿರುಗುವ ಅಗತ್ಯವಿಲ್ಲ. ಬ್ರಿಟನ್ನಿನ ಟೈಪ್ 45ರಲ್ಲಿ ಎತ್ತರದ ಗೋಪುರದ ತುದಿಯ ಗೋಳದೊಳಗೆ ತಿರುಗುವ ರೇಡಾರ್. ಎತ್ತರ ಹೆಚ್ಚಿದಷ್ಟೂ ದಿಗಂತ ದೂರ ಸರಿಯುತ್ತದೆ, ನೀರಿಗೆ ಅಂಟಿಕೊಂಡು ಬರುವ ಕ್ಷಿಪಣಿ ಸ್ವಲ್ಪ ಮೊದಲೇ ಕಾಣುತ್ತದೆ. ಫಲಕ ಭಾರ, ಅಷ್ಟು ಮೇಲೆ ನಾಲ್ಕನ್ನೂ ಇಟ್ಟರೆ ಹಡಗಿನ ತೂಕ ಮೇಲಕ್ಕೇರುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಟ್ಟ ಲೆಕ್ಕ ಕಣ್ಣೆದುರೇ ಕಾಣುತ್ತದೆ.

ಉಪ್ಪುಗಾಳಿ:

ದೊಡ್ಡ ಹಡಗಿಗೆ ಬರೋಣ. ಅಮೆರಿಕದ ಆಂಫಿಬಿಯಸ್ ಹಡಗುಗಳಲ್ಲಿ ವಾಸ್ಪ್ ವರ್ಗದ್ದು 257 ಮೀಟರ್, ಸ್ಯಾನ್ ಆಂಟೋನಿಯೊ ವರ್ಗದ್ದು 208 ಮೀಟರ್. ಇವುಗಳ ವೈಶಿಷ್ಟ್ಯ ಹಿಂತುದಿಯ ಬಾವಿಯಂಥ ಡೆಕ್. ನಿಲುಭಾರದ ತೊಟ್ಟಿಗಳಿಗೆ ಸಮುದ್ರದ ನೀರು ತುಂಬಿಸಿ ಹಡಗಿನ ಹಿಂಭಾಗವನ್ನೇ ತಗ್ಗಿಸುತ್ತಾರೆ, ಬಾಗಿಲು ತೆರೆದು ಡೆಕ್ಕಿನೊಳಗೆ ನೀರು ಬಿಡುತ್ತಾರೆ, ದೋಣಿಗಳು ತೇಲಿಕೊಂಡು ಹೊರಬರುತ್ತವೆ. ಗಾಳಿಮೆತ್ತೆಯ ಮೇಲೆ ಓಡುವ, ದಡಕ್ಕೆ ಸಾಮಾನು ಸಾಗಿಸುವ ಎಲ್‌ಸಿಎಸಿ ನಿಂತಿದ್ದರೆ ಅದರ ಕೆಳಗಿನ ರಬ್ಬರ್ ಅಂಚು, ಹಿಂದಿನ ದೊಡ್ಡ ಫ್ಯಾನುಗಳು ಎರಡನ್ನೂ ನೋಡಿ. ಸುಮಾರು 60 ಟನ್ ಹೊತ್ತು 40 ನಾಟ್‌ಗೂ (ಗಂಟೆಗೆ ಸುಮಾರು 74 ಕಿ.ಮೀ.) ಮೀರಿ ಓಡುವ ವಾಹನ ಅದು. ಆದರೆ 'ಅಮೆರಿಕ' ಎಂಬ ಹೆಸರಿನ ವರ್ಗದ ಮೊದಲ ಎರಡು ಹಡಗುಗಳಲ್ಲಿ ಈ ಬಾವಿಡೆಕ್ ಇಲ್ಲ, ಆ ಜಾಗವನ್ನು ವಿಮಾನಗಳಿಗೆ ಬಿಟ್ಟಿದ್ದಾರೆ. ಬಾವಿಡೆಕ್ ನೋಡಲೆಂದೇ ಹೋಗುವವರು ಹಡಗಿನ ಹೆಸರು ಮೊದಲೇ ನೋಡಿಕೊಳ್ಳಿ.

ಬಾವಿಡೆಕ್ಕಿನ ನೆಲ ಒದ್ದೆ, ಪಾಚಿ ಹಿಡಿದಿರಬಹುದು. ಒಬ್ಬರನ್ನೊಬ್ಬರು ಹಿಡಿದುಕೊಂಡು ನಡೆಯುವ ಜಾಗ ಅದೊಂದೇ.

ಹಾಯಿಪಟ:

ಹಾಯಿಹಡಗಿನ ಪರವಾಗಿ ಯಾರೂ ಮಾತಾಡಲಿಲ್ಲ. ಇಬ್ಬರು ಜೊತೆಯಾಗಿ ನೋಡಲು ಅದಕ್ಕಿಂತ ಹಿತವಾದ ಹಡಗಿಲ್ಲ, ಮೊಣಕಾಲಿಗೂ ಅದೇ ಅನುಕೂಲ. ಸಂದರ್ಶಕರ ಸುತ್ತು ಬಹುತೇಕ ತೆರೆದ ಮರದ ಡೆಕ್ ಮೇಲೆಯೇ. ಭಾರತದ ತರಂಗಿಣಿ 1997ರಿಂದ, ಸುದರ್ಶಿನಿ 2012ರಿಂದ ಸೇವೆಯಲ್ಲಿವೆ, ಎರಡೂ ಮೂರು ಕಂಬದ ಬಾರ್ಕ್‌ಗಳು (ಹಿಂದಿನ ಕಂಬ ಬಿಟ್ಟು ಉಳಿದವಕ್ಕೆ ಅಡ್ಡಹಾಯಿ ಇರುವಂಥವು), 54 ಮೀಟರ್ ಉದ್ದ. ಇಟಲಿಯ ಅಮೆರಿಗೊ ವೆಸ್ಪುಚ್ಚಿ 1931ರದು, ಸ್ಪೇನಿನ ಹ್ವಾನ್ ಸೆಬಾಸ್ಟಿಯನ್ ಡಿ ಎಲ್ಕಾನೊ ಇನ್ನೂ ಹಳೆಯದು.

ಕಂಬದ ಬುಡದಲ್ಲಿ ಸಾಲಾಗಿ ಸಿಕ್ಕಿಸಿದ ಮರ ಅಥವಾ ಹಿತ್ತಾಳೆಯ ಗೂಟಗಳನ್ನು ನೋಡಿ. ಪ್ರತಿ ಹಗ್ಗಕ್ಕೂ ಅದರದೇ ಗೂಟ. ಕತ್ತಲಲ್ಲೂ ಕೈ ತಡವಿ ಸರಿಯಾದ ಹಗ್ಗ ಹಿಡಿಯಬೇಕು, ಆದ್ದರಿಂದ ಜಾಗ ಬದಲಾಗುವುದಿಲ್ಲ. ಹಗ್ಗವನ್ನು ಎಂಟರ ಆಕಾರದಲ್ಲಿ ಸುತ್ತಿರುತ್ತಾರೆ. ತುರ್ತಿಗೆ ಗೂಟವನ್ನೇ ಕಿತ್ತರೆ ಇಡೀ ಸುತ್ತು ಒಮ್ಮೆಲೇ ಸಡಿಲಾಗುತ್ತದೆ. ತರಬೇತಿಯಲ್ಲಿರುವ ಕೆಡೆಟ್ ಒಬ್ಬರನ್ನು ಹಿಡಿದು "ಈ ಹಗ್ಗ ಯಾವ ಹಾಯಿಯದು, ಎಳೆದರೆ ಏನಾಗುತ್ತದೆ" ಎಂದು ಕೇಳಿ. ಹೊಸದಾಗಿ ಕಲಿತವರು ಮನಸಾರೆ ವಿವರಿಸುತ್ತಾರೆ.

ದುರ್ಬೀನು:

ಪ್ರಶ್ನೆ ಕೇಳುವ ಬಗ್ಗೆ ಹಾಯಿಪಟ ಅವರ ಮಾತಿಗೆ ಸೇರಿಸುವುದಿದೆ. "ಇದು ಎಷ್ಟು ದೂರ ಹೊಡೆಯುತ್ತದೆ, ಗರಿಷ್ಠ ವೇಗ ಎಷ್ಟು, ಮುಂದೆ ಯಾವ ಬಂದರು, ಈಗ ಎಷ್ಟು ಕ್ಷಿಪಣಿ ತುಂಬಿದೆ" ಎಂದರೆ ಉತ್ತರ ಸಿಗುವುದಿಲ್ಲ. ವೇಗಕ್ಕೆ "30 ನಾಟ್‌ಗಿಂತ ಹೆಚ್ಚು" ಎಂಬ ಒಂದೇ ಸಾಲು ಬರುತ್ತದೆ. "ನೀವು ಹಡಗಿನಲ್ಲಿ ಯಾವ ಕೆಲಸ ನೋಡಿಕೊಳ್ಳುತ್ತೀರಿ, ನಿಮ್ಮ ಪಾಳಿ ಹೇಗೆ, ಬೆಂಕಿ ಬಿದ್ದರೆ ನೀವು ಎಲ್ಲಿಗೆ ಓಡಬೇಕು" ಎಂದು ಕೇಳಿ ನೋಡಿ. ಪ್ರತಿ ನಾವಿಕನಿಗೂ ನಿತ್ಯದ ಕೆಲಸ ಒಂದು, ತುರ್ತಿನ ಕೆಲಸ ಇನ್ನೊಂದು ಇರುತ್ತದೆ. ಅದನ್ನು ಕೇಳಿದವರಿಗೆ ಬೆಂಕಿನಳಿಕೆ, ಮರದ ಬೆಣೆ, ಸೋರುವ ಕೊಳವೆಗೆ ಹಾಕುವ ತೇಪೆ ಎಲ್ಲ ತೆಗೆದು ತೋರಿಸುತ್ತಾರೆ.

ಫೋಟೊ: ತೆರೆದ ಡೆಕ್ಕಿನಲ್ಲಿ ಸಾಮಾನ್ಯವಾಗಿ ಅಡ್ಡಿಯಿಲ್ಲ. ನಿಯಂತ್ರಣ ಕೊಠಡಿಗಳಲ್ಲಿ ಕೇಳದೆ ಕ್ಯಾಮೆರಾ ಎತ್ತಬೇಡಿ, ಕಾವಲಿನವರನ್ನೂ ತಪಾಸಣೆಯ ಜಾಗವನ್ನೂ ತೆಗೆಯಬೇಡಿ, ಡ್ರೋನ್ ತರಲೇಬೇಡಿ. ಬೂದು ಹಡಗು, ಹಿಂದೆ ಬಿಳಿ ಆಕಾಶ ಇದ್ದರೆ ಕ್ಯಾಮೆರಾ ಮೋಸ ಹೋಗಿ ಹಡಗನ್ನು ಕಪ್ಪಾಗಿಸುತ್ತದೆ. ಎಕ್ಸ್‌ಪೋಷರನ್ನು ಒಂದು ಹಂತದವರೆಗೆ ಏರಿಸಿ. ಗಾಢ ಹಿನ್ನೆಲೆಯ ಮುಂದೆ ಹಾಯಿಹಡಗಿನ ಬಿಳಿ ಮೈಗೆ ಬಿಸಿಲು ಬಿದ್ದಾಗ ಇಳಿಸಬೇಕು. ಇಡೀ ಹಡಗು ಬೇಕೆಂದರೆ ಪಕ್ಕದ ಧಕ್ಕೆಗೆ ಹೋಗಿ, ಮುಂತುದಿಯಿಂದ ಸ್ವಲ್ಪ ಓರೆಯಾಗಿ ತೆಗೆಯಿರಿ.

ಹೊಸಬಂದರು:

ಇಂಥ ಸಂದರ್ಭಗಳು ವರ್ಷದ ಯಾವ ಕಾಲಕ್ಕೆ ಬರುತ್ತವೆ? ಮತ್ತು ಬೆಳಿಗ್ಗೆ ಬೇಗ ಹೋದರೆ ಧಕ್ಕೆಯಲ್ಲಿ ನೋಡಲು ಏನಾದರೂ ಇರುತ್ತದೆಯೇ?

ಧಕ್ಕೆಯಂಚು:

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1981ರಿಂದ ನಡೆಯುತ್ತಿರುವ, ಯುದ್ಧನೌಕೆಗಳನ್ನು ಜನರಿಗೆ ತೆರೆಯುವ ಫ್ಲೀಟ್ ವೀಕ್ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನದು ಮೇ ಕೊನೆಗೆ. ಭಾರತದಲ್ಲಿ 1971ರ ಕರಾಚಿ ದಾಳಿಯ ನೆನಪಿಗೆ ಡಿಸೆಂಬರ್ 4 ನೌಕಾದಿನ, ಅದರ ಆಸುಪಾಸಿನಲ್ಲಿ ಹಡಗು ತೆರೆಯುವ ವಾಡಿಕೆ ಇದೆ. ಸೌಹಾರ್ದ ಭೇಟಿಗೆ ಬರುವ ಹಡಗುಗಳಿಗೆ ಇಂಥದೇ ಕಾಲ ಎಂದಿಲ್ಲ.

ಬೇಗ ಹೋದವರಿಗೆ ಧ್ವಜಾರೋಹಣ ಸಿಗುತ್ತದೆ. ಧಕ್ಕೆಯಲ್ಲಿರುವ ಹಡಗುಗಳು ಸಾಮಾನ್ಯವಾಗಿ ಬೆಳಿಗ್ಗೆ 8 ಗಂಟೆಗೆ ಧ್ವಜ ಏರಿಸಿ ಸೂರ್ಯಾಸ್ತಕ್ಕೆ ಇಳಿಸುತ್ತವೆ. ಅಮೆರಿಕದ ಹಡಗಾದರೆ 7:55ಕ್ಕೆ ಸಿದ್ಧತೆಯ ಬಾವುಟ ಮೇಲೇರುತ್ತದೆ. ಆ ಹೊತ್ತಿಗೆ ಹಿಂತುದಿಯ ಎದುರಿಗೆ ಹೋಗಿ ನಿಲ್ಲಿ. ಧ್ವಜ ಏರುವಾಗ ಸುಮ್ಮನೆ ನಿಂತು ಅತ್ತ ಮುಖ ಮಾಡಿದರೆ ಸಾಕು, ಸೆಲ್ಯೂಟ್ ಹೊಡೆಯಬೇಕಿಲ್ಲ. ಹಲವು ದೇಶದ ಹಡಗುಗಳಿದ್ದರೆ ಒಂದಾದ ಮೇಲೊಂದು ರಾಷ್ಟ್ರಗೀತೆ ಬರುತ್ತದೆ, ಎಲ್ಲ ಮುಗಿಯುವವರೆಗೂ ನಿಂತಿರಿ.

ಸರಪಳಿ:

ಹೊರಡುವ ದಿನವನ್ನೂ ಬಿಡಬೇಡಿ, ಆ ದಿನ ಹಡಗು ಹತ್ತುವ ಸರದಿ ಇಲ್ಲ. ಮೊದಲು ಹಡಗನ್ನು ಎಳೆದು ತಳ್ಳುವ ಸಣ್ಣ ಟಗ್‌ಗಳು ಬಂದು ಅಂಟಿಕೊಳ್ಳುತ್ತವೆ, ಗ್ಯಾಂಗ್‌ವೇ ಎತ್ತುತ್ತಾರೆ. ಬಂದರಿನಿಂದ ಹೊರಗೆ ದಾರಿ ತೋರಿಸುವ ಪೈಲಟ್ ಹತ್ತಿದ ಮೇಲೆ ಬಿಳಿ ಕೆಂಪಿನ ಹೋಟೆಲ್ (ಎಚ್ ಅಕ್ಷರದ) ಬಾವುಟ ಕಾಣುತ್ತದೆ. ಆಮೇಲೆ ಎರಡೆರಡು ಸುತ್ತಿದ ಹಗ್ಗಗಳನ್ನು ಒಂದೊಂದಕ್ಕೆ ಇಳಿಸುತ್ತಾರೆ. ಅಮೆರಿಕದ ಹಡಗಿನಲ್ಲಿ ಕೊನೆಯ ಹಗ್ಗ ಧಕ್ಕೆ ಬಿಡುವ ಗಳಿಗೆಗೆ ಮುಂತುದಿಯ ಜ್ಯಾಕ್ ಮತ್ತು ಹಿಂತುದಿಯ ಧ್ವಜ ಒಟ್ಟಿಗೆ ಇಳಿದು, ಅದೇ ಕ್ಷಣ ನಡುಕಂಬದಲ್ಲಿ ಇನ್ನೊಂದು ಧ್ವಜ ಏರುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ, ವಿಡಿಯೊ ಮೊದಲೇ ಆನ್ ಮಾಡಿಡಿ.

ನೀಲಿಬಾವುಟ:

ಹೊರಡುವುದನ್ನು ಧಕ್ಕೆಯಿಂದ ನೋಡುವುದು ಒಳ್ಳೆಯದೋ, ಬಂದರಿನ ಬಾಯಿಯ ಬಳಿಯೋ?

ಉಪ್ಪುಗಾಳಿ:

ಹಗ್ಗ, ಬಾವುಟ ನೋಡಬೇಕಾದರೆ ಧಕ್ಕೆ. ಹಡಗು ಪೂರ್ತಿ ಮೈ ತೋರಿಸಿ ಸಾಗುವುದನ್ನು ನೋಡಬೇಕಾದರೆ ಅಲೆತಡೆಯ ಗೋಡೆಯ ತುದಿ, ಅಲ್ಲಿ ಕಾಲುವೆ ಕಿರಿದಾಗಿ ಹಡಗು ಹತ್ತಿರ ಬರುತ್ತದೆ. ಇಬ್ಬರಿರುವುದರಿಂದ ಒಬ್ಬರು ಧಕ್ಕೆಯಲ್ಲಿ, ಒಬ್ಬರು ಅಲ್ಲಿ ನಿಂತರೆ ಎರಡೂ ಸಿಗುತ್ತದೆ. ಬಂಡೆಗಳ ಮೇಲೆ ಇಳಿಯಬೇಡಿ, ಹಡಗು ದಾಟಿದ ಸ್ವಲ್ಪ ಹೊತ್ತಿಗೆ ಅದರ ಅಲೆ ಬಂದು ಬಡಿಯುತ್ತದೆ. ದುರ್ಬೀನು ಒಯ್ಯುವುದಾದರೆ 7x50, ಅಂದರೆ ಏಳು ಪಟ್ಟು ದೊಡ್ಡದು ಮಾಡಿ ತೋರಿಸುವುದು ಸಾಕು. ಅದಕ್ಕಿಂತ ಹೆಚ್ಚು ದೊಡ್ಡದು ಮಾಡಿ ತೋರಿಸುವುದು ಗಾಳಿಯಲ್ಲಿ ಕೈಯಲ್ಲಿ ನಿಲ್ಲುವುದಿಲ್ಲ.